ದುರ್ಬೀನಿನಲ್ಲಿ ಗುಮ್ಮಟ: ಹಕ್ಕಿಯ ಪ್ರವಾಸಕ್ಕೆ ಹಳೆಯ ಊರುಗಳನ್ನು ಸೇರಿಸುವ ಬಗೆ

‘ಹತ್ತು ದಿನ ರಜೆಯಿದೆ. ಹಕ್ಕಿಗೆ ಎಷ್ಟು ದಿನ ಇಡಲಿ, ಕೋಟೆ ದೇವಾಲಯಗಳಿಗೆ ಎಷ್ಟು?’ ಪ್ರವಾಸದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಆಸ್ತಿ ಹಂಚಿಕೊಳ್ಳಲು ಕುಳಿತ ಅಣ್ಣತಮ್ಮಂದಿರ ಧಾಟಿಯಲ್ಲಿದೆ, ನೋಡಿ. ಪಾಲು ಮಾಡಲು ಕುಳಿತಿರೋ, ನಡುವೆ ಬೇಲಿ ಎದ್ದಿತೆಂದೇ ತಿಳಿಯಿರಿ. ಹಕ್ಕಿಯ ದಿನಗಳಲ್ಲಿ ಜೊತೆಗೆ ಬಂದವರು ಆಕಳಿಸುತ್ತಾರೆ. ಕೋಟೆಯ ದಿನಗಳಲ್ಲಿ ನೀವು ಮಾರ್ಗದರ್ಶಿಯ ಮಾತಿಗೆ ತಲೆಯಾಡಿಸುತ್ತ ಕಂದಕದ ಜೊಂಡಿನಲ್ಲಿ ಅಲುಗಾಡಿದ್ದು ಏನೆಂದು ಹುಡುಕುತ್ತಿರುತ್ತೀರಿ.

ನಾನೂ ಹಾಗೆ ಪಾಲು ಮಾಡಿಯೇ ಪೆಟ್ಟು ತಿಂದವನು. ಮೊದಲ ಸಲ ರಾಜಸ್ಥಾನದ ಭರತಪುರಕ್ಕೆ ಹೋದಾಗ ಮೂರು ದಿನ ಹಕ್ಕಿಗೆ, ಕೊನೆಯ ಒಂದು ದಿನ ಆಗ್ರಾಕ್ಕೆ ಎಂದು ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿದ್ದೆ. ಎರಡು ಊರುಗಳ ನಡುವೆ ಐವತ್ತೈದು ಕಿಲೋಮೀಟರ್ ಆಸುಪಾಸು. ಆಗ್ರಾದಲ್ಲಿ ಇಳಿದದ್ದು ಶುಕ್ರವಾರ. ತಾಜಮಹಲಿಗೆ ಶುಕ್ರವಾರ ರಜೆ. ಯಾವ ಹಕ್ಕಿ ಯಾವ ವಾರ ಬರುತ್ತದೆ ಎಂದು ತಿಂಗಳುಗಟ್ಟಲೆ ಓದಿದ್ದವನಿಗೆ, ಬಾಗಿಲು ಯಾವ ವಾರ ಮುಚ್ಚಿರುತ್ತದೆ ಎಂದು ನೋಡಬೇಕೆಂದು ಅನ್ನಿಸಿರಲಿಲ್ಲ. ಬೇರೆ ದಾರಿಯಿಲ್ಲದೆ ಯಮುನೆಯ ಆಚೆ ದಡಕ್ಕೆ ಹೋದೆವು. ಅಲ್ಲಿಂದ ತಾಜಿನ ಬೆನ್ನು ಕಾಣುತ್ತದೆ, ಅದರ ಮುಂದೆ ನದಿಯ ಮರಳು. ಮರಳಿನ ಮೇಲೆ ಟಿಟ್ಟಿಭಗಳು, ನೀರಿನಂಚಿನಲ್ಲಿ ಬೆಳ್ಳಕ್ಕಿಗಳು. ದುರ್ಬೀನನ್ನು ಬೆರಳಗಲ ಮೇಲೆತ್ತಿದರೆ ಗುಮ್ಮಟ, ಇಳಿಸಿದರೆ ಹಕ್ಕಿ. ಮೂರು ದಿನ, ಒಂದು ದಿನ ಎಂಬ ನನ್ನ ಲೆಕ್ಕವೇ ದಂಡ ಎಂದು ಹೊಳೆದದ್ದು ಅಲ್ಲಿ.

ಆಮೇಲೆ ಭರತಪುರವನ್ನೇ ಹಿಂದಿರುಗಿ ಯೋಚಿಸಿದೆ. ಅಲ್ಲಿನ ಕೇವಲಾದೇವ ರಾಷ್ಟ್ರೀಯ ಉದ್ಯಾನ ಸುಮಾರು 29 ಚದರ ಕಿಲೋಮೀಟರ್ ವಿಸ್ತಾರದ್ದು. ಅದನ್ನು ನಾವು ‘ಪ್ರಕೃತಿ’ ಎಂಬ ಖಾತೆಗೆ ಹಾಕಿಬಿಡುತ್ತೇವೆ. ಆದರೆ ಆ ಹೆಸರು ಅಲ್ಲಿರುವ ಶಿವನ ಗುಡಿಯಿಂದ ಬಂದದ್ದು. ಅಲ್ಲಿನ ನೀರು ನಿಂತಿರುವುದು 18ನೇ ಶತಮಾನದಲ್ಲಿ ಭರತಪುರದ ಅರಸ ಸೂರಜಮಲ್ಲನ ಕಾಲದಲ್ಲಿ ಕಟ್ಟಿದ ಅಜಾನ್ ಬಂಡ್ ಎಂಬ ಒಡ್ಡಿನ ದೆಸೆಯಿಂದ. ಮುಂದೆ ಅದು ಅರಸರ ಬೇಟೆಯ ತಾಣವಾಯಿತು. ಗುಡಿಯ ಹತ್ತಿರ ಕಲ್ಲಿನ ಫಲಕಗಳಿವೆ, ಓದದೆ ಮುಂದೆ ಹೋಗಬೇಡಿ. ಯಾವ ದಿನ ಯಾವ ದೊರೆಗಳು ಎಷ್ಟು ಹಕ್ಕಿ ಹೊಡೆದರು ಎಂಬ ಲೆಕ್ಕ ಅದರಲ್ಲಿದೆ. 1938ರ ನವೆಂಬರ್ 12ರಂದು, ವೈಸರಾಯ್ ಲಿನ್‌ಲಿತ್‌ಗೋ ಬಂದಿದ್ದಾಗ, ಒಂದೇ ದಿನ 4,273 ಹಕ್ಕಿಗಳು. ಗೆದ್ದ ಯುದ್ಧದ ಶಾಸನದ ಹಾಗೆ ಕೆತ್ತಿಸಿಟ್ಟಿದ್ದಾರೆ. ಅದೇ ಜಾಗ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಷ್ಟಾದರೂ, ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತಿದ್ದ ಸೈಬೀರಿಯಾದ ಕ್ರೌಂಚಗಳು 2002ರ ನಂತರ ಕಾಣಿಸಲಿಲ್ಲ. ಹೇಳಿ, ಈ ಜಾಗವನ್ನು ಯಾವ ಪಾಲಿಗೆ ಹಾಕುತ್ತೀರಿ?

ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಫತೇಪುರ ಸಿಕ್ರಿ. ಅಕ್ಬರ 1571ರ ಸುಮಾರಿಗೆ ಕಟ್ಟಿಸತೊಡಗಿದ ರಾಜಧಾನಿ, ಹದಿನೈದು ವರ್ಷವೂ ತುಂಬುವ ಮೊದಲೇ ಬಿಟ್ಟುಹೋದದ್ದು. ನೀರಿನ ಅಭಾವವೂ ಒಂದು ಕಾರಣ ಎನ್ನುತ್ತಾರೆ. ಬೆಳಿಗ್ಗೆ ನೀರು ನಿಂತದ್ದರಿಂದ ಹುಟ್ಟಿದ ಹಕ್ಕಿಗಳ ಊರು, ಮಧ್ಯಾಹ್ನ ಮನುಷ್ಯರು ಖಾಲಿಮಾಡಿದ ಕೆಂಪುಕಲ್ಲಿನ ಊರು. ಹೀಗೆ ನೋಡಿದರೆ ಒಂದು ಇನ್ನೊಂದಕ್ಕೆ ಅರ್ಥ ಕೊಡುತ್ತದೆ. ಆದ್ದರಿಂದ ನಾನು ಮೊದಲು ಹುಡುಕುವುದು ಊರುಗಳ ಪಟ್ಟಿಯನ್ನಲ್ಲ, ಎರಡನ್ನೂ ಕಟ್ಟಿರುವ ಎಳೆಯನ್ನು. ಬಹಳ ಸಲ ಆ ಎಳೆ ನೀರೇ ಆಗಿರುತ್ತದೆ.

ಕಾಂಬೋಡಿಯಾಕ್ಕೆ ಹೋಗುವವರೆಲ್ಲ ಅಂಕೋರ್ ವಾಟ್ ನೋಡುತ್ತಾರೆ. ಅದರ ದಕ್ಷಿಣಕ್ಕೆ ಟೋನ್ಲೆ ಸಾಪ್ ಸರೋವರವಿದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಎಷ್ಟು ಏರುತ್ತದೆಂದರೆ, ಸರೋವರದಿಂದ ಅದಕ್ಕೆ ಹರಿಯಬೇಕಾದ ಹೊಳೆ ಹಿಮ್ಮುಖವಾಗಿ ಸರೋವರಕ್ಕೇ ಹರಿಯುತ್ತದೆ. ಬೇಸಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ನೀರು ಮಳೆಗಾಲದ ಕೊನೆಗೆ ಅದರ ನಾಲ್ಕೈದು ಪಟ್ಟು ಹರಡಿ ಕಾಡನ್ನೇ ಮುಳುಗಿಸುತ್ತದೆ. ಮೀನು ಆ ಮುಳುಗಿದ ಕಾಡಿನಲ್ಲಿ ಬೆಳೆಯುತ್ತದೆ. ನೀರು ಇಳಿಯತೊಡಗಿದಾಗ ಮೀನು ಒತ್ತೊತ್ತಾಗುತ್ತದೆ, ಹಕ್ಕಿ ಗೂಡು ಕಟ್ಟುತ್ತದೆ. ಪ್ರೆಕ್ ಟೋಲ್ ಎಂಬಲ್ಲಿ ಹೆಜ್ಜಾರ್ಲೆ, ಹಾವಕ್ಕಿ, ಬಣ್ಣದ ಕೊಕ್ಕರೆ, ಅಸ್ಸಾಮಿನಲ್ಲಿ ಹರ್ಗಿಲಾ ಎಂದು ಕರೆಯುವ ದೈತ್ಯ ಕೊಕ್ಕರೆ, ಎಲ್ಲ ಒಂದೇ ಕಾಡಿನ ತಲೆಯ ಮೇಲೆ. ಅಂಕೋರಿನ ಸಾಮ್ರಾಜ್ಯಕ್ಕೆ ಮೀನು ಕೊಟ್ಟದ್ದೂ ಇದೇ ಸರೋವರ. ಅಂಕೋರಿನ ಬಯೋನ್ ದೇವಾಲಯದ ಹೊರಗೋಡೆಯ ಉಬ್ಬುಶಿಲ್ಪಗಳಲ್ಲಿ ನೌಕಾಯುದ್ಧ ನಡೆಯುತ್ತಿದ್ದರೆ ದೋಣಿಗಳ ಕೆಳಗೆ ಮೀನು, ಮೊಸಳೆಗಳು ಈಜುತ್ತಿರುತ್ತವೆ. ಸರೋವರ ನೋಡಿಕೊಂಡು ಆ ಗೋಡೆಯ ಮುಂದೆ ನಿಂತವರು ದೋಣಿಯ ಕೆಳಗನ್ನೇ ಮೊದಲು ನೋಡುತ್ತಾರೆ. ಹಾಗಾಗಿ ನನ್ನ ಸಲಹೆ, ಸರೋವರ ಮೊದಲು, ಬಯೋನ್ ಆಮೇಲೆ.

ಇಲ್ಲೊಂದು ತೊಡಕಿದೆ. ದೇವಾಲಯ ವರ್ಷವಿಡೀ ಅಲ್ಲೇ ಇರುತ್ತದೆ, ಗೂಡು ಇರುವುದಿಲ್ಲ. ಪ್ರೆಕ್ ಟೋಲ್‌ಗೆ ಸರಿಯಾದ ಕಾಲ ಸುಮಾರಾಗಿ ಡಿಸೆಂಬರಿನಿಂದ ಮಾರ್ಚ್. ಅದಕ್ಕೂ ತಡವಾದರೆ ನೀರು ಇಳಿದು ದೋಣಿ ಹೋಗುವುದೇ ಕಷ್ಟ. ಆದ್ದರಿಂದ ತಿಂಗಳನ್ನು ಹಕ್ಕಿ ನಿರ್ಧರಿಸಲಿ, ವಾರದ ದಿನವನ್ನು ಕಟ್ಟಡ ನಿರ್ಧರಿಸಲಿ. ತಿಂಗಳು ತಿಳಿಯಲು ಇ-ಬರ್ಡ್ ಜಾಲತಾಣ ಸಾಕು. 2002ರಿಂದ ಜಗತ್ತಿನ ಪಕ್ಷಿವೀಕ್ಷಕರು ತಾವು ಕಂಡದ್ದನ್ನು ಅಲ್ಲಿ ದಾಖಲಿಸುತ್ತ ಬಂದಿದ್ದಾರೆ. ನಿಮ್ಮ ಜಾಗವನ್ನು ಆರಿಸಿದರೆ ಪ್ರತಿ ತಿಂಗಳನ್ನು ನಾಲ್ಕು ಭಾಗ ಮಾಡಿ, ಯಾವ ಹಕ್ಕಿ ಯಾವಾಗ ಎಷ್ಟು ಸಲ ಕಂಡಿದೆ ಎಂದು ದಪ್ಪ, ತೆಳು ಪಟ್ಟೆಗಳ ಚಿತ್ರದಲ್ಲಿ ತೋರಿಸುತ್ತದೆ. ಪಟ್ಟೆ ದಪ್ಪವಿದ್ದ ಕಡೆ ಹಕ್ಕಿ ಸುಲಭ, ತೆಳುವಿದ್ದ ಕಡೆ ಅದೃಷ್ಟ. ತೆಳು ಪಟ್ಟೆಯ ಹಕ್ಕಿಗಾಗಿ ಜೊತೆಯವರ ಎರಡು ದಿನ ಬಲಿಕೊಡಬೇಡಿ. ನಾನು ಕೊಟ್ಟಿದ್ದೇನೆ. ಹಕ್ಕಿಯೂ ಸಿಗಲಿಲ್ಲ.

ಇನ್ನು ಗಡಿಯಾರದ ವಿಷಯ. ಹಕ್ಕಿ ನೋಡುವವರಿಗೆಲ್ಲ ಗೊತ್ತಿರುವ ಸಂಗತಿ: ಸೂರ್ಯ ಹುಟ್ಟಿದ ಮೊದಲ ಎರಡು ಮೂರು ಗಂಟೆ ಹಬ್ಬ, ಆಮೇಲೆ ಸದ್ದಡಗುತ್ತದೆ, ಇಳಿಹೊತ್ತಿಗೆ ಮತ್ತೆ ಜೀವ ಬರುತ್ತದೆ. ವಸ್ತುಸಂಗ್ರಹಾಲಯಗಳ ಬಾಗಿಲು ತೆರೆಯುವುದು ಒಂಬತ್ತಕ್ಕೋ ಹತ್ತಕ್ಕೋ. ಯಾರೋ ಕೂತು ಹೊಂದಿಸಿದಂತಿದೆ. ಬೆಳಿಗ್ಗೆ ಕೆರೆ, ಬಿಸಿಲೇರಿದಾಗ ಕಲ್ಲಿನ ತಂಪು, ಸಂಜೆ ಮತ್ತೆ ಕೆರೆ. ಬಹುತೇಕ ಕಡೆ ಇದು ನಡೆಯುತ್ತದೆ. ನಡೆಯದ ಕಡೆಗಳೇ ಸ್ವಾರಸ್ಯದವು, ಅವನ್ನು ಹೇಳುತ್ತೇನೆ.

ಸ್ಪೇನಿನಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಸಣ್ಣ ಊರುಗಳ ಚರ್ಚು, ಗೋಪುರಗಳಿಗೆ ಬೀಗ ಬೀಳುತ್ತದೆ, ಮತ್ತೆ ತೆರೆಯುವುದು ನಾಲ್ಕೋ ಐದೋ ಗಂಟೆಗೆ. ಹಕ್ಕಿಯೂ ಮಲಗಿದೆ, ಊರೂ ಮಲಗಿದೆ. ಆ ಹೊತ್ತಿನಲ್ಲಿ ಎಚ್ಚರವಾಗಿರುವುದು ರಣಹದ್ದು. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ಅದು ರೆಕ್ಕೆ ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ಮೊಂಫ್ರಾಗುವೆ ರಾಷ್ಟ್ರೀಯ ಉದ್ಯಾನದಲ್ಲಿ ನದಿಯ ಪಕ್ಕ ಒಂದು ಬೆತ್ತಲೆ ಬಂಡೆಗೋಡೆಯಿದೆ. ಬಿಸಿಲೇರಿದ ಮೇಲೆ ಅಲ್ಲಿ ನಿಂತರೆ ಹದ್ದುಗಳು ನಿಮ್ಮ ಕಣ್ಣಿನ ಮಟ್ಟದಲ್ಲೇ ಸುತ್ತುತ್ತವೆ. ಹತ್ತಿರದ ಗುಡ್ಡದ ಮೇಲೆ ಹಳೆಯ ಕೋಟೆಯೊಂದಿದೆ. ಅಲ್ಲಿಂದ ಅವುಗಳ ಬೆನ್ನೇ ಕಾಣಿಸುತ್ತದೆ. ಹಾರುವ ಹದ್ದಿನ ಬೆನ್ನು ನೋಡುವುದು ಎಷ್ಟು ಜನರಿಗೆ ಸಿಕ್ಕೀತು?

ಕಡಲ ತೀರದಲ್ಲಿ ಸೂರ್ಯನ ಮಾತು ನಡೆಯುವುದಿಲ್ಲ, ಚಂದ್ರನದೇ ಅಧಿಕಾರ. ಇಳಿತದ ವೇಳೆ ಉಲ್ಲಂಕಿ ಹಕ್ಕಿಗಳು ಕೆಸರಿನ ಮೇಲೆ ಮೈಲಿಗಟ್ಟಲೆ ಚೆಲ್ಲಿಹೋಗಿರುತ್ತವೆ, ನಿಮಗೆ ಕಾಣುವುದು ಬರೀ ಚುಕ್ಕೆಗಳು. ಭರತ ಏರುತ್ತ ಬಂದಂತೆ ನೀರು ಅವನ್ನು ದಡದ ಕಡೆಗೆ ಅಟ್ಟುತ್ತದೆ. ಭರತ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ವೇಳಾಪಟ್ಟಿ ಇಂದಿಗೆ ಸಲ್ಲದು. ಫ್ರಾನ್ಸಿನ ಮೋಂ ಸೇಂ ಮಿಶೆಲ್ ನನಗೆ ಇಷ್ಟವಾಗುವುದು ಇದಕ್ಕೇ. ಕೊಲ್ಲಿಯ ನಡುವಿನ ಬಂಡೆಯ ಮೇಲೆ ಮಠ. ಏರಿಳಿತದ ವ್ಯತ್ಯಾಸ 14 ಮೀಟರ್‌ವರೆಗೆ ಹೋಗುವ ಕೊಲ್ಲಿ ಅದು. ಮಠವನ್ನೂ ಕೊಲ್ಲಿಯನ್ನೂ ಸೇರಿಸಿಯೇ 1979ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಗುರುತಿಸಿದರು. ದೊಡ್ಡ ಭರತದ ದಿನ ಮಠ ದ್ವೀಪವಾಗುವುದನ್ನು ನೋಡಲು ಜನ ಸೇರುತ್ತಾರೆ, ಅದೇ ಗಳಿಗೆಯಲ್ಲಿ ಹಕ್ಕಿಗಳೂ ದಡಕ್ಕೆ ಬರುತ್ತವೆ. ಒಂದೇ ಭರತಪಟ್ಟಿಯಲ್ಲಿ ಎರಡೂ ಕೆಲಸ ಮುಗಿಯಿತು. ಹಾಗೆಂದು ಹಕ್ಕಿಯ ಹಿಂದೆ ಒಬ್ಬರೇ ಕೆಸರಿಗೆ ಇಳಿಯಬೇಡಿ. ಅಲ್ಲಿ ಹೂತುಹೋಗುವ ಮರಳಿದೆ, ನೀರು ಹಿಂದಿನಿಂದಲೂ ಸುತ್ತುವರಿಯುತ್ತದೆ.

ಹಬ್ಬಗಳ ವಿಷಯದಲ್ಲಿ ನನಗೆ ಎರಡು ಮನಸ್ಸು. ಹಬ್ಬದ ದಿನ ಊರು ತನ್ನ ಪೂರ್ಣ ರೂಪದಲ್ಲಿರುತ್ತದೆ, ನಿಜ. ಕೋಣೆ ಸಿಗುವುದಿಲ್ಲ, ಚಾಲಕ ಸಿಗುವುದಿಲ್ಲ, ಕೆರೆಯ ದಂಡೆಯಲ್ಲಿ ಧ್ವನಿವರ್ಧಕ ಇರುತ್ತದೆ ಎಂಬುದೂ ನಿಜ. ಚಾಂದ್ರಮಾನದ ಹಬ್ಬಗಳಾದರೆ ದಿನಾಂಕ ವರ್ಷವರ್ಷವೂ ಸರಿಯುತ್ತದೆ, ಹಳೆಯ ಪುಸ್ತಕ ನಂಬಿ ಹೊರಡುವಂತಿಲ್ಲ. ಆದರೆ ಭೂತಾನದ ಫೋಬ್ಜಿಖಾ ಕಣಿವೆಯ ಹಬ್ಬ ಬೇರೆ ಬಗೆಯದು. ಟಿಬೆಟ್ ಕಡೆಯಿಂದ ಚಳಿಗಾಲಕ್ಕೆ ಇಳಿದು ಬರುವ ಕಪ್ಪುಕೊರಳ ಕ್ರೌಂಚಗಳಿಗಾಗಿಯೇ ಗಾಂಗ್ಟೆ ಮಠದ ಅಂಗಳದಲ್ಲಿ ಪ್ರತಿ ನವೆಂಬರ್ 11ರಂದು ಉತ್ಸವ ನಡೆಯುತ್ತದೆ. ಮಕ್ಕಳು ಕ್ರೌಂಚದ ವೇಷ ಹಾಕಿ ಕುಣಿಯುತ್ತಾರೆ. ಬರುವಾಗ ಮತ್ತು ಹೋಗುವಾಗ ಕ್ರೌಂಚಗಳು ಮಠಕ್ಕೆ ಮೂರು ಸುತ್ತು ಹಾಕುತ್ತವೆ ಎಂದು ಅಲ್ಲಿನವರ ನಂಬಿಕೆ. ಎಣಿಸಲು ಕುಳಿತುಕೊಳ್ಳುವವರು ಕುಳಿತುಕೊಳ್ಳಲಿ. ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು: ಆ ಕಣಿವೆಗೆ ವಿದ್ಯುತ್ ಬಂದಾಗ ಹಕ್ಕಿಗಳಿಗೆ ತಗಲದಿರಲೆಂದು ತಂತಿಯನ್ನು ನೆಲದಡಿಯಲ್ಲಿ ಹಾಕಿದರು. ಉತ್ಸವದ ದಿನ ಮಠದಲ್ಲಿರಿ, ಮರುದಿನ ಮುಂಜಾನೆ ಕಣಿವೆಗೆ ಇಳಿಯಿರಿ. ಒಂದು ರಾತ್ರಿ ಹೆಚ್ಚು ಉಳಿದರೆ ಸಾಕು.

ಜೊತೆಗೆ ಬರುವವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಷ್ಟೋ ಪ್ರವಾಸಗಳು ಕೆಡುವುದು ಹಕ್ಕಿ ಸಿಗದೆ ಅಲ್ಲ, ಹಕ್ಕಿಗಾಗಿ ಕಾಯಲು ಒಲ್ಲದವರನ್ನು ಕಾಯಿಸಿದ್ದರಿಂದ. ಅಂಥವರನ್ನು ಮೊದಲ ದಿನವೇ ಪೊದೆಯೊಳಗಿನ ಕಂದು ಬಣ್ಣದ ಸಣ್ಣ ಹಕ್ಕಿಯ ಮುಂದೆ ನಿಲ್ಲಿಸಬೇಡಿ. ಕುಳಿತಲ್ಲೇ ಕಾಣುವ, ದೊಡ್ಡದಾದ, ಬಣ್ಣದ ಹಕ್ಕಿಯಿಂದ ಶುರುಮಾಡಿ. ಗ್ವಾಟೆಮಾಲಾದ ಟಿಕಾಲ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಾಯಾ ಜನರ ಪಾಳುನಗರ, ಸುತ್ತ ಮಳೆಕಾಡು. ಸಾಂಸ್ಕೃತಿಕ ಮತ್ತು ನೈಸರ್ಗಿಕ ಎಂಬ ಎರಡೂ ಕಾರಣಕ್ಕೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೆಲವೇ ತಾಣಗಳಲ್ಲಿ ಒಂದು. ಅಲ್ಲಿನ ಹುಲ್ಲಿನ ಮೇಲೆ ಕಣ್ಣಿನಾಕಾರದ ಚುಕ್ಕೆಗಳಿರುವ ಬಾಲದ ಟರ್ಕಿಕೋಳಿ ಯಜಮಾನನ ಗತ್ತಿನಲ್ಲಿ ಓಡಾಡುತ್ತಿರುತ್ತದೆ. ಟಿಕಾಲ್ ಇರುವ ಯುಕಟಾನ್ ಸೀಮೆಯ ಆಚೆ ಕಾಡಿನಲ್ಲಿ ಎಲ್ಲೂ ಸಿಗದ ಹಕ್ಕಿ ಅದು. ದುರ್ಬೀನೂ ಬೇಡ, ಮೌನವೂ ಬೇಡ. ಸುಮಾರು 65 ಮೀಟರ್ ಎತ್ತರದ ನಾಲ್ಕನೇ ದೇವಾಲಯ ಹತ್ತಿದರೆ ಮರಗಳ ನೆತ್ತಿ ನಿಮ್ಮ ಕಾಲ ಕೆಳಗೆ. ಒಬ್ಬರು ಟೂಕನ್ ಹುಡುಕುತ್ತಿದ್ದರೆ ಇನ್ನೊಬ್ಬರು ಹಸಿರಿನ ಮೇಲೆ ತಲೆಯೆತ್ತಿದ ಉಳಿದ ಶಿಖರಗಳನ್ನು ನೋಡುತ್ತ ಕೂರಬಹುದು. ಇಬ್ಬರೂ ಒಂದೇ ಮೆಟ್ಟಿಲ ಮೇಲೆ.

ಸಾಮಾನಿನ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. 8x42 ದುರ್ಬೀನು, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂಗಾಜು 42 ಮಿಲಿಮೀಟರ್ ಅಗಲವಿರುವ ದುರ್ಬೀನು, ಎರಡೂ ಕೆಲಸಕ್ಕೆ ಒದಗುತ್ತದೆ. 42ನ್ನು 8ರಿಂದ ಭಾಗಿಸಿದರೆ ಐದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅದು ಕಣ್ಣಿಗೆ ಬರುವ ಬೆಳಕಿನ ವ್ಯಾಸ. ನಸುಕಿನ ಮಬ್ಬಿಗೂ ಸಾಲುತ್ತದೆ, ಗರ್ಭಗುಡಿಯ ಮುಂದಿನ ಕತ್ತಲೆಗೂ ಸಾಲುತ್ತದೆ. ಚರ್ಚಿನ ಮೇಲ್ಚಾವಣಿಯ ಚಿತ್ರ, ಗೋಪುರದ ತುದಿಯ ಶಿಲ್ಪ, ಬರಿಗಣ್ಣಿಗೆ ಬಣ್ಣದ ಕಲೆಯಂತೆ ಕಾಣುವ ಗಾಜಿನ ಕಿಟಕಿ, ಇವನ್ನೆಲ್ಲ ಒಮ್ಮೆ ದುರ್ಬೀನಿನಲ್ಲಿ ನೋಡಿ. ಪಕ್ಕದಲ್ಲಿದ್ದ ಅಪರಿಚಿತರು ಅದನ್ನು ಒಂದು ನಿಮಿಷ ಕೇಳಿ ಪಡೆಯುತ್ತಾರೆ, ನನ್ನ ಅನುಭವ. ಮಾಸಲು ಬಣ್ಣದ ಪೂರ್ಣ ತೋಳಿನ ಅಂಗಿ, ಉದ್ದ ಪ್ಯಾಂಟು ಕಾಡಿಗೂ ಸರಿ, ಪೂಜಾಸ್ಥಳಕ್ಕೂ ಸರಿ. ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಗೆ (ಟ್ರೈಪಾಡ್) ಹಲವು ಸ್ಮಾರಕಗಳಲ್ಲಿ ಅನುಮತಿ ಬೇಕು, ಅದನ್ನು ಕೋಣೆಯಲ್ಲೇ ಬಿಡಿ. ಗಡಿ, ವಿಮಾನ ನಿಲ್ದಾಣ, ಸೇನೆಯ ನೆಲೆಗಳ ಹತ್ತಿರ ದುರ್ಬೀನು ಎತ್ತುವ ಮೊದಲು ಎರಡು ಸಲ ಯೋಚಿಸಿ. 2001ರಲ್ಲಿ ವಿಮಾನ ನೋಡುವ ಹವ್ಯಾಸಕ್ಕೆಂದು ಗ್ರೀಸಿಗೆ ಹೋಗಿದ್ದ ಬ್ರಿಟನ್ ಮತ್ತು ನೆದರ್ಲೆಂಡ್ಸಿನ ಕೆಲವರು ಬೇಹುಗಾರಿಕೆಯ ಆರೋಪದಲ್ಲಿ ಸೆರೆಯಾದರು. ಮರುವರ್ಷ ಮೇಲ್ಮನವಿಯಲ್ಲಿ ಖುಲಾಸೆಯಾದರು, ಸರಿ. ರಜೆ ಮಾತ್ರ ಮರಳಿ ಬರಲಿಲ್ಲ. ‘ನಾನು ಹಕ್ಕಿ ನೋಡುತ್ತಿದ್ದೆ’ ಎಂಬ ಮಾತು ಕಾವಲುಗಾರನ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಊಹಿಸಿಕೊಳ್ಳಿ.

ಹಳೆಯ ಕಟ್ಟಡವೇ ಹಕ್ಕಿಯ ಮನೆಯಾಗಿರುವ ಕಡೆಗಳನ್ನು ತಪ್ಪಿಸಬೇಡಿ. ಜೆರುಸಲೇಮಿನ ಪಶ್ಚಿಮ ಗೋಡೆಯ ಬಿರುಕುಗಳಲ್ಲಿ ಬಾನಾಡಿ (ಸ್ವಿಫ್ಟ್) ಎಂಬ ಹಕ್ಕಿಗಳು ಗೂಡು ಕಟ್ಟುತ್ತವೆ. ಕೆಳಗೆ ಜನ ಪ್ರಾರ್ಥನೆಯ ಚೀಟಿಗಳನ್ನು ಕಲ್ಲಿನ ಸಂದಿಗೆ ಸಿಕ್ಕಿಸುತ್ತಿದ್ದರೆ ಮೇಲಿನ ಸಂದಿಗಳಿಗೆ ಹಕ್ಕಿಗಳು ನುಗ್ಗುತ್ತಿರುತ್ತವೆ. ಇಂಥ ಕಡೆ ಜೀರ್ಣೋದ್ಧಾರದ ಹೆಸರಿನಲ್ಲಿ ತೂತುಗಳಿಗೆ ಗಾರೆ ತುಂಬಿದರೆ ಹಕ್ಕಿ ನಿರಾಶ್ರಿತ. ಗೂಡಿನ ಹತ್ತಿರ ಚಿತ್ರಕ್ಕಾಗಿ ಏರುವುದು, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆಯುವುದು ಇವೂ ಅದೇ ಜಾತಿಯ ಕೆಲಸಗಳು. ಪೂಜೆ ನಡೆಯುವಾಗ ಯಾರೂ ಗರ್ಭಗುಡಿಗೆ ಇಣುಕುವುದಿಲ್ಲ ಅಲ್ಲವೇ?

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ‘ಎಲ್ಲ ಸರಿ, ಹತ್ತು ದಿನದ ಒಂದು ಯೋಜನೆ ಹೇಳಿ.’ ಹೇಳುತ್ತೇನೆ. ಸ್ಪೇನಿನ ಪಶ್ಚಿಮದ ಎಸ್ತ್ರೆಮದೂರಾ, ಏಪ್ರಿಲ್ ತಿಂಗಳು, ಮೂರೇ ಊರಿನಲ್ಲಿ ವಾಸ್ತವ್ಯ. ಊರಿಂದ ಊರಿಗೆ ಸುಮಾರು ಒಂದು ಗಂಟೆಯ ದಾರಿ, ಗಂಟು ಕಟ್ಟುವ ಬಿಚ್ಚುವ ಕಾಟ ಎರಡೇ ಸಲ. ಆ ದೇಶ ತನ್ನ ರೇಖಾಂಶಕ್ಕಿಂತ ಮುಂದಿನ ಸಮಯ ಪಾಲಿಸುವುದರಿಂದ ಏಪ್ರಿಲಿನಲ್ಲೂ ಬೆಳಕು ಹರಿಯುವುದು ಏಳೂವರೆಯ ಹೊತ್ತಿಗೆ, ಕತ್ತಲಾಗುವುದು ರಾತ್ರಿ ಒಂಬತ್ತಕ್ಕೆ. ನಾಲ್ಕಕ್ಕೆ ಎದ್ದು ಕಣ್ಣುಜ್ಜಿಕೊಳ್ಳಬೇಕಿಲ್ಲ.

ಮೊದಲ ನಾಲ್ಕು ರಾತ್ರಿ ಟ್ರುಹಿಯೋ. ಮೊದಲ ಬೆಳಿಗ್ಗೆಗೇ ಸ್ಥಳೀಯ ಪಕ್ಷಿ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಿ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಅವರು ತೋರಿಸಿದ್ದನ್ನು ನೀವಾಗಿ ಹುಡುಕಲು ದಿನಗಳೇ ಉಳಿದಿರುವುದಿಲ್ಲ. ಊರಾಚೆಯ ಹುಲ್ಲುಬಯಲಿನಲ್ಲಿ ನಮ್ಮ ಎರೆಭೂತ ಹಕ್ಕಿಯ ಯುರೋಪಿನ ಬಂಧು ಆ ಕಾಲದಲ್ಲಿ ಗರಿ ಬಿಚ್ಚಿ ಹೆಣ್ಣನ್ನು ಓಲೈಸುತ್ತಿರುತ್ತದೆ, ದೂರದಿಂದ ಬಿಳಿಯ ಬಟ್ಟೆಯ ಮುದ್ದೆ ಬಿದ್ದಂತೆ. ಊರಿನ ಗೂಳಿಕಾಳಗದ ಅಖಾಡದ ಹೆಂಚಿನಡಿಯಲ್ಲಿ ಚಿಕ್ಕ ಚಾಣ ಎಂಬ ಬೇಟೆಹಕ್ಕಿಗಳು ಗೂಡು ಮಾಡಿವೆ. ಅಖಾಡದ ಬಾಗಿಲು ಮುಚ್ಚಿದ್ದರೂ ರಸ್ತೆಯಿಂದಲೇ ಕಾಣುತ್ತವೆ. ನಡುವೆ ಒಂದು ಪೂರ್ತಿ ದಿನ ಮೊಂಫ್ರಾಗುವೆಗೆ, ನಡುಹಗಲಿನ ಹದ್ದುಗಳಿಗೆ. ಆಮೇಲೆ ಎರಡು ರಾತ್ರಿ ಕಾಸೆರೆಸ್. ಅಲ್ಲಿ ನಡೆಯುವುದೊಂದೇ ಕೆಲಸ. ಗೋಡೆಯೊಳಗಿನ ಹಳೆಯ ಊರಿನ ಗೋಪುರಗಳ ಮೇಲೆ ಬಿಳಿ ಕೊಕ್ಕರೆಗಳು ಕೊಕ್ಕನ್ನು ಟಕಟಕ ಬಡಿಯುತ್ತಿರುತ್ತವೆ, ದಾರಿ ತಪ್ಪಿದರೆ ಆ ಸದ್ದಿನ ಕಡೆಗೆ ನಡೆಯಿರಿ. ಒಂದು ಮಧ್ಯಾಹ್ನಕ್ಕೆ ಏನನ್ನೂ ಬರೆದುಕೊಳ್ಳಬೇಡಿ. ಮಳೆ ಬಂದು ಹಿಂದಿನ ದಿನ ಕೆಟ್ಟಿದ್ದರೆ ಆ ಮಧ್ಯಾಹ್ನ ಬೇಕಾಗುತ್ತದೆ, ಕೆಡದಿದ್ದರೆ ನಿದ್ದೆಗೆ.

ಉಳಿದ ದಿನಗಳು ಮೆರಿಡಾದಲ್ಲಿ. ಬಾಗಿಲು ತೆರೆಯುವ ಹೊತ್ತಿಗೇ ರೋಮನ್ನರ ರಂಗಮಂದಿರ, ಆಮೇಲೆ ವಸ್ತುಸಂಗ್ರಹಾಲಯ. ಸೋಮವಾರ ಅಲ್ಲಿಗೆ ಹೋಗಬೇಡಿ, ಯುರೋಪಿನ ಬಹಳಷ್ಟು ಸಂಗ್ರಹಾಲಯಗಳಿಗೆ ಅಂದು ರಜೆ. ನನ್ನ ಶುಕ್ರವಾರ ನಿಮಗೆ ಸೋಮವಾರವಾಗುವುದು ಬೇಡ. ನೀರು ತರಲು ರೋಮನ್ನರು ಕಟ್ಟಿದ ಮೇಲ್ಗಾಲುವೆಯ ಮುರಿದ ಕಂಬಗಳ ಮೇಲೆ ಕೊಕ್ಕರೆಗಳ ಗೂಡುಗಳಿವೆ. ಸಂಜೆ ಆರರ ನಂತರ ಗ್ವಾದಿಯಾನಾ ನದಿಯ ಮೇಲಿನ ಅವರದೇ ಸೇತುವೆಗೆ ಬನ್ನಿ. ಏಳುನೂರಕ್ಕೂ ಹೆಚ್ಚು ಮೀಟರ್ ಉದ್ದದ ಅದರ ಮೇಲೆ ಈಗ ವಾಹನ ಓಡುವುದಿಲ್ಲ, ನಡುವೆ ಎಲ್ಲಿ ಬೇಕಾದರೂ ಗೋಡೆಗೆ ಮೊಣಕೈ ಊರಿ ನಿಲ್ಲಬಹುದು. ಜೊತೆಯವರು ಕಮಾನುಗಳನ್ನು ಎಣಿಸುತ್ತಿರಲಿ. ನೀವು ಕೆಳಗಿನ ಜೊಂಡನ್ನು ನೋಡಿ, ನೇರಳೆ ಜಂಬುಕೋಳಿ ಕೆಂಪು ಕಾಲೆತ್ತಿ ಹೊರಗೆ ಬರುವ ಹೊತ್ತು ಅದು.